ಚೀಲದ ಮನೆ

ರಾಸ್ ಅಲ್ ಖೈಮಾ. ಸಿಮೆಂಟ್ ಗಿರಣಿಯ ನಾಲ್ಕನೇ ಅಂತಸ್ತು.
ಯಂತ್ರ ನಿಂತಾಗ ಕಬ್ಬಿಣದ ಬಾಗಿಲು ತೆರೆದರೆ
ಆರುನೂರ ನಲವತ್ತು ಚೀಲಗಳು
ಒಂಟಿ ಕಾಲಿನ ಪ್ಯಾಂಟುಗಳನ್ನು ಒಣಹಾಕಿದ ಹಾಗೆ.

ಮೊದಲ ವಾರ ಹುರುಪಿನಲ್ಲಿ
ಒಂದೊಂದನ್ನೂ ಬಡಿದು ಬಡಿದು ಬೆಳ್ಳಗೆ ಮಾಡಿದ್ದೆ.
ಇದ್ದಿನಬ್ಬ ಮೇಸ್ತ್ರಿ ಬೈದರು:
"ಯಾರು ಹೇಳಿದ್ದು ನಿನಗೆ?
ಹೊಸ ಬಟ್ಟೆಗೆ ಏನೂ ಗೊತ್ತಿಲ್ಲ, ಎಲ್ಲವನ್ನೂ ಬಿಡುತ್ತದೆ.
ಧೂಳು ತಡೆಯುವುದು ಬಟ್ಟೆಯಲ್ಲ ಮಾರಾಯ,
ಮೊದಲು ಬಂದು ಅಂಟಿ ಕೂತ ಧೂಳು."

ಆಮೇಲೆ ಕಲಿತೆ.
ಗಾಜಿನ ಕೊಳವೆಯ ಕೆಂಪು ನೀರು
ನೂರೈವತ್ತಕ್ಕೆ ಏರಿದರೆ ಚೀಲಕ್ಕೆ ಉಬ್ಬಸ.
ಆಗ ಗಾಳಿಯ ಒಂದೇ ಏಟು, ಠಪ್,
ಅಷ್ಟೇ. ಸ್ವಲ್ಪ ಉದುರಬೇಕು, ಸ್ವಲ್ಪ ಉಳಿಯಬೇಕು.

ಮೇಸ್ತ್ರಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ.
ಕ್ಯಾಂಪಿನ ಆರನೇ ಕೋಣೆಗೆ ಹೊಸಬ ಯಾರೇ ಬರಲಿ,
ಮೊದಲ ರಾತ್ರಿ ಅವರ ಮಂಚದ ಅಂಚಿನಲ್ಲಿ ಕೂತು
ಏಜೆಂಟನ ಮೋಸ, ಹೆಂಡತಿಯ ಸಿಟ್ಟು, ಅಡವಿಟ್ಟ ಬಳೆ
ಎಲ್ಲ ಹೇಳಿ, ಹಗುರಾಗಿ,
ಹೋಗಿ ಮಲಗುತ್ತಾನೆ. ಗೊರಕೆಯೂ ಶುರು.
ಅವರು ಗೋಡೆಗೆ ಮುಖ ಮಾಡಿ
ತುಂಬ ಹೊತ್ತು ಎದ್ದೇ ಇರುತ್ತಾರೆ.

ಇವತ್ತು ಶಮಾಲ್. ಬೆಟ್ಟ ಕಾಣದು, ಮಸೀದಿ ಕಾಣದು.
ಇನ್‌ಸ್ಪೆಕ್ಟರ್ ಕಣ್ಣುಜ್ಜಿಕೊಳ್ಳುತ್ತ
ಚಿಮಣಿಯತ್ತ ಕತ್ತೆತ್ತಿ ಬರೆದುಕೊಂಡ:
ಹೊಗೆ ಇಲ್ಲ, ಸರಿಯಿದೆ.
ನಾವು ಸೋಸಿದ ಗಾಳಿ ಮೇಲೇರಿ
ಮರಳಿನೊಳಗೆ ಹೋಯಿತು.

ಮೇಸ್ತ್ರಿ ಮಾಸ್ಕ್ ಇಳಿಸಿ ನಕ್ಕರು.
ಹುಬ್ಬಿನ ಮೇಲೆ ಎರಡು ಬಗೆಯ ಧೂಳು:
ಬೂದಿ ಬಣ್ಣದ್ದು ಕಂಪನಿಯದು,
ಕೆಂಪನೆಯದು ಯಾರದೂ ಅಲ್ಲ.