ಕೂಗಳತೆ

ಎರಡೂ ಕೈಯಲ್ಲಿ ಹಿಡಿಯಿರಿ, ಟೊಕ್ತೊಸುನ್ ಅಬಾ.
ಹಾಗಲ್ಲ. ಕುರಿಮರಿಯಲ್ಲ ಇದು, ಕತ್ತಿನ ತೊಗಲು ಹಿಡಿದು ಎತ್ತುವುದಕ್ಕೆ.
ಪಟ್ಟಿ ಕೊರಳಲ್ಲಿರಲಿ.
ಇಲಾಖೆಯ ಆಸ್ತಿ, ಬಿದ್ದರೆ ನನ್ನ ಮೂರು ವರ್ಷದ ಸಂಬಳ
ಈ ಕೊರಕಲಲ್ಲಿ ಉರುಳಿಹೋಗುತ್ತದೆ.

ನಿಮ್ಮ ಎಡಗಣ್ಣಲ್ಲಿ ಪೊರೆ ಇದೆಯಲ್ಲ,
ಅದಕ್ಕೆ ಈ ಚಿಕ್ಕ ಬಳೆ, ಅಂಕಿ ಚೂಪಾಗುವವರೆಗೆ ತಿರುಗಿಸಿ.
ಮುಂದಿನ ದೊಡ್ಡ ಬಳೆ ಬೆಟ್ಟಕ್ಕೆ.
ಎರಡನ್ನೂ ಒಟ್ಟಿಗೆ ತಿರುವಬೇಡಿ,
ಯಾವುದು ನಮ್ಮ ಕಣ್ಣಿನ ತಪ್ಪು, ಯಾವುದು ಬೆಟ್ಟದ ದೂರ
ಆಮೇಲೆ ತಿಳಿಯುವುದೇ ಇಲ್ಲ.

ಟಿಕ್.
ಬೆಚ್ಚಬೇಡಿ. ಕೆಟ್ಟಿಲ್ಲ.
ಆಗಾಗ ತಾನೇ ರೆಪ್ಪೆ ಮುಚ್ಚಿ
ತನ್ನ ಮೈಬಿಸಿಯನ್ನು ಲೆಕ್ಕದಿಂದ ಕಳೆದುಕೊಳ್ಳುತ್ತದೆ,
ಇಲ್ಲದಿದ್ದರೆ ತನ್ನ ಜ್ವರವನ್ನೇ ಊರಿನ ಜ್ವರ ಅಂದುಕೊಂಡೀತು.
ಮುದುಕ ನಕ್ಕ. ಅಂಥವರು ಗೊತ್ತು ಎಂದು
ಹಳೆಯ ಕೊಲ್ಖೋಜಿನ ಇಬ್ಬರು ಅಧ್ಯಕ್ಷರ ಹೆಸರು ಹೇಳಿದ.

ಎದುರಿಗೆ ಕರಾ-ತಾಶ್ ಇಳಿಜಾರು. ಸೆಪ್ಟೆಂಬರು. ಚಂದ್ರನಿಲ್ಲ.
ಬರಿಗಣ್ಣಿಗೆ ಬಾಣಲೆಯ ತಳ.
ಬಿಳಿ ಎಂದರೆ ಬಿಸಿ, ಎಂದೆ.
ಅಗೋ ಹನ್ನೊಂದು ಕಾಡುಮೇಕೆ, ಎಂದ.
ಕಲ್ಲುಗಳವು ಅಬಾ, ಹಗಲು ತಿಂದ ಬಿಸಿಲು ಇನ್ನೂ ಅರಗಿಲ್ಲ.
ಎರಡು ತಾಸು ಕಾದರೆ ಕಲ್ಲು ಕಲ್ಲಾಗುತ್ತದೆ,
ಜೀವ ಇದ್ದದ್ದು ಬೆಳ್ಳಗೇ ಇರುತ್ತದೆ.

ಕಾದೆವು. ಉಪ್ಪು ಚಹಾ. ಒಣಮೊಸರಿನ ಉಂಡೆ
ಅವನ ನಾಲ್ಕು ಹಲ್ಲಿಗೆ ಅರ್ಧ ತಾಸಿನ ಕೆಲಸ.
ಕಲ್ಲುಗಳು ಒಂದೊಂದಾಗಿ ಮಸುಕಾಗಿ ಆರಿದವು.
ಉಳಿದದ್ದು ಒಂಬತ್ತು. ಅದರಲ್ಲೊಂದು ನಡೆಯಿತು.

ಈಗ ದೂರ. ಗುಂಡಿ ಒಮ್ಮೆ ಒತ್ತಿದರೆ ಗುರಿಯ ಗುರುತು,
ಮತ್ತೊಮ್ಮೆಗೆ ಲೇಸರ್.
ಕಾಣುವುದಿಲ್ಲ, ಸದ್ದಿಲ್ಲ, ಹೋಗಿ ಮುಟ್ಟಿ ಬಂದಿರುತ್ತದೆ.
ತಾಳಿ, ಒತ್ತಬೇಡಿ. ನೀವೇ ಹೇಳಿ, ಎಷ್ಟು?

ಅರ್ಧ ಚಾಕಿರಿಮ್.
ಮೀಟರಿಗೂ ಹಿಂದಿನ ಮಾತು ಅದು, ಒಬ್ಬ ಕೂಗಿದರೆ
ಇನ್ನೊಬ್ಬ ಓಗೊಡುವಷ್ಟು ನೆಲ.
ಯಾರ ಕೂಗು ಅಬಾ, ನಿಮ್ಮದೋ ನನ್ನದೋ?
ಬೊಲುಶ್‌ನದು. ನನ್ನ ತಮ್ಮ. ಗೂಳಿಯ ಗಂಟಲು.
ಒತ್ತಿದ. ಐನೂರ ಹನ್ನೆರಡು.
ಮುದುಕನಿಗೆ ಹೆಮ್ಮೆಯೂ ಆಗಲಿಲ್ಲ.

ಕೊಲ್ಖೋಜು ಒಡೆದ ವರ್ಷ, ಎಂದ, ಮನೆಯಲ್ಲಿ ಹಿಟ್ಟಿರಲಿಲ್ಲ.
ಇದೇ ಇಳಿಜಾರು. ಕತ್ತಲಲ್ಲಿ ಏನೋ ಮೇಯುತ್ತಿತ್ತು.
ಕಿವಿಯ ಅಂದಾಜಿಗೆ ಗುಂಡು ಹಾರಿಸಿದೆ.
ಹತ್ತಿರ ಹೋಗಿ ಮುಟ್ಟಿದರೆ ಜೀನಿನ ಉಜ್ಜುಗಾಯ ಕೈಗೆ ಸಿಕ್ಕಿತು.
ಬೊಲುಶ್‌ನ ಗಬ್ಬದ ಕುದುರೆ.
ನಾನೇನೂ ಹೇಳಲಿಲ್ಲ.
ಮಾಂಸವನ್ನು ಅವನೂ ತಿಂದ, ಮಕ್ಕಳೂ ತಿಂದರು.
ಅಂದಿನಿಂದ ಅವನು ಕೂಗಿಲ್ಲ.

ನಾನು ಕೇಳದೆಯೇ ಯಂತ್ರವನ್ನು ಕೆಳಗೆ, ಹೊಳೆಯಾಚೆಗೆ ತಿರುಗಿಸಿದ.
ಚಿಮಣಿ ಉರಿಬಿಳಿ. ಕಿಟಕಿಯ ಗಾಜು ಮಾತ್ರ ಮೊಂಡು ಬೂದು,
ಗಾಜಿನಾಚೆಯದು ಇದಕ್ಕೆ ಕಾಣುವುದಿಲ್ಲ, ನನಗೆ ಗೊತ್ತು,
ಹೇಳುವಷ್ಟರಲ್ಲಿ ಬಾಗಿಲು ತೆರೆಯಿತು.
ಒಂದು ಬಿಳಿ ಚುಕ್ಕೆ ಅಂಗಳದಾಟಿ
ನಾಲ್ಕು ಕಾಲಿನ ಬಿಳಿಯ ಪಕ್ಕ ನಿಂತಿತು.
ಮುಖವಿಲ್ಲ, ಗಡ್ಡವಿಲ್ಲ, ವಯಸ್ಸಿಲ್ಲ.
ಅವನೇ, ಎಂದ. ಹೆಗಲ ಮೇಲೆ ಕೈ ಇಟ್ಟಿದ್ದಾನೆ, ನೋಡು.

ಮನುಷ್ಯರ ಮೇಲೆ ಒತ್ತಬಾರದು, ನಿಯಮ.
ನಾಲಗೆಯ ತುದಿಗೆ ಬಂದದ್ದನ್ನು ಚಹಾದ ಜೊತೆ ನುಂಗಿದೆ.
ಎರಡು ಸಲ ಒತ್ತಿದ.
ಸಾವಿರದ ನಲವತ್ತು.
ತುಟಿಯಲ್ಲೇ ಓದಿಕೊಂಡ, ಬಾಯಿ ತೆರೆದ,
ಎದೆ ಉಬ್ಬಿದ್ದು ಅಂಗಿಯ ಮೇಲಿಂದಲೇ ಕಂಡಿತು.
ಕೆಮ್ಮು ಬಂತು. ಕೆಮ್ಮು ಮಾತ್ರ.

ದಫ್ತರದಲ್ಲಿ ಬರೆದೆ: ಕಾಡುಮೇಕೆ ಒಂಬತ್ತು, ಉತ್ತರದ ಇಳಿಜಾರು, ಗಾಳಿ ಇಲ್ಲ.
ಬ್ಯಾಟರಿ ಒಳಜೇಬಿನಲ್ಲಿರಲಿ ಅಬಾ, ಚಳಿಗೆ ಬೇಗ ಸಾಯುತ್ತದೆ.
ಇಟ್ಟುಕೊಂಡ.
ನಾಳೆ ಮತ್ತೆ ಬರೋಣವೇ, ಎಂದ,
ಕಲ್ಲು ಆರುವ ಹೊತ್ತಿಗೆ.