ಒಳಲೆ

ದಾವಣಗೆರೆ ಚೌಕಿಪೇಟೆಯ ಸ್ಟೀಲಂಗಡಿಯ ಮೆಟ್ಟಿಲ ಪಕ್ಕ
ನನ್ನದೊಂದು ಮಣೆ, ಒಂದು ಬಲ್ಬು, ಬರ್ರೆನ್ನುವ ಸೂಜಿ.
ಕೊಡ, ಕೊಳಗ, ಊಟದ ಡಬ್ಬಿ, ಮದುವೆಗೆ ಬಂದ ಮುಯ್ಯಿ,
ಯಾವ ಪಾತ್ರೆ ಯಾರದೆಂಬುದಕ್ಕೆ
ನನ್ನ ಚುಕ್ಕಿಗಳೇ ಸಾಕ್ಷಿ.
ಅಕ್ಷರಕ್ಕೆ ಐದು ರೂಪಾಯಿ. ಒತ್ತಿಗೆ ಕಾಸಿಲ್ಲ.

ಇವತ್ತು ಹತ್ತಿ ಮಂಡಿ ಮನೆಯ ಕೊಟ್ರಬಸಮ್ಮ
ಸೆರಗಿನ ಗಂಟು ಬಿಚ್ಚಿ ಇಟ್ಟರು:
ಗೇಣುದ್ದದ ಬೆಳ್ಳಿ, ಎರಡೂ ತುದಿಗೆ ಬಾಯಿ,
ಒಂದು ಅಗಲ, ಒಂದು ಕಿರಿದು, ಉದ್ದಕ್ಕೂ ಕಾಲುವೆ.
"ನಮ್ಮನೆ ಒಳಲೆ. ಮರಿಮಗಳು ಹುಟ್ಯಾಳೆ.
ಎಲ್ಲರ ಹೆಸರೂ ಹಾಕಿದ್ದು ನಿಮ್ಮಪ್ಪನೇ."

ಹೌದು, ಬೆನ್ನ ತುಂಬ ಅಪ್ಪನ ಉಳಿ:
ಸಿದ್ದವೀರಪ್ಪ, ಹಾಲಮ್ಮ, ಗುರುಶಾಂತ, ಮತ್ತೆ ಹಾಲಮ್ಮ
(ಮೊದಲ ಹಾಲಮ್ಮ ಉಳಿಯಲಿಲ್ಲ),
ರಾಗಿಕಾಳಿನಷ್ಟು ಅಕ್ಷರ, ಒಂದರ ಕಾಲಿಗೆ ಇನ್ನೊಂದರ ತಲೆ.
ತೇಯ್ದ ಬಜೆ, ಹರಳೆಣ್ಣೆ, ಹಸುವಿನ ಹಾಲು
ಈ ಕಾಲುವೆಯಲ್ಲೇ ಹರಿದು ಆ ಬಾಯಿಗಳಿಗೆ ಇಳಿದದ್ದು.

ಅವರ ಪಕ್ಕದಲ್ಲಿ ಬೇರೊಂದು ವಂಶ:
ಕಾಲೆತ್ತಿದ ಸಿಂಹ, ಕಿರೀಟ ತೊಟ್ಟ ಚಿರತೆಯ ಮುಖ,
ಒಂಟಿ ಇಂಗ್ಲಿಷ್ ಅಕ್ಷರ, ಮಾಡಿದವನ ಮುದ್ರೆ.
ಅಗಲ ಬಾಯಿಯ ಬೆನ್ನಿಗೆ
ಬಾಣ ಕಚ್ಚಿದ ಹಕ್ಕಿ, ಯಾವ ದೊರೆಯ ಮನೆಯದೋ.
ಮಿಲ್ಲಿಗೆ ಯಂತ್ರ ಕೂರಿಸಲು ಬಂದ ಸಾಹೇಬ
ಊರು ಬಿಡುವಾಗ ಹರಾಜು ಕೂಗಿಸಿದನಂತೆ:
ಕುದುರೆ, ಬೆತ್ತದ ಕುರ್ಚಿ, ಇದು.
ಮಾವನವರ ಅಪ್ಪ ಕುರ್ಚಿಗೆಂದು ಹೋಗಿ
ಇದನ್ನು ಹಿಡಿದು ಬಂದರಂತೆ.

ಹಳೇ ಬೆಳ್ಳಿ ಕೊಳ್ಳುವ ಮುಂಬಯಿಯ ಸೇಟು
ಹೋದ ವರ್ಷ ಇಂಥದ್ದೇ ಒಂದರ ಚಿತ್ರ ತೋರಿಸಿದ್ದ.
ದೊರೆಗಳ ಮೇಜಿಗೆ ಬೆಂದ ಎತ್ತಿನ ಮೂಳೆ ಬರುತ್ತಿತ್ತಂತೆ,
ಒಳಗಿನ ಮಜ್ಜೆ ಕೆರೆದು ತಿನ್ನಲು ಈ ಕಾಲುವೆ.
ಸಿಕ್ಕರೆ ತಿಳಿಸು, ತೂಕಕ್ಕಲ್ಲ, ಹಕ್ಕಿಗೆ ದುಡ್ಡು, ಅಂದಿದ್ದ.

ಎದುರಿಗೆ ಕೊಟ್ರಬಸಮ್ಮ. ಕೊರಳಲ್ಲಿ ಬೆಳ್ಳಿಯ ಕರಡಿಗೆ,
ಹಣೆಗೆ ಮೂರು ಬೆರಳ ವಿಭೂತಿ,
ಈರುಳ್ಳಿಯನ್ನೂ ಮುಟ್ಟದ ಸೋಮವಾರ.
ಮಾತು ನಾಲಗೆಯ ತುದಿಗೆ ಬಂತು.
ಸೂಜಿಗೆ ಎಣ್ಣೆ ಬಿಟ್ಟೆ.

"ಜಾಗ ಇಲ್ಲವಲ್ಲ ಅಮ್ಮಾರೆ."
"ಹಕ್ಕಿ ಉಜ್ಜಿಬಿಡು. ಯಾರಪ್ಪಂದು ಅದು?"

ಅರ ಇಡುವ ಮೊದಲು
ಅಭ್ಯಾಸ, ಬಾಯಿಯ ಹಬೆ ಊದಿದೆ.
ಮಂಜು ಕೂತು ಕರಗುವಷ್ಟರಲ್ಲಿ
ಹಕ್ಕಿಯ ಅಡಿಯಿಂದ ಎದ್ದಿತು ಮತ್ತೊಂದು:
ಕೋಡಿನ ತಲೆ, ಅರ್ಧ ಕೊರಳು,
ಯಾರೋ ಎಂದೋ ಉಜ್ಜಿ ಮುಗಿಸಿದ್ದು.
ದೊರೆಯೂ ಕೊಂಡು ತಂದವನೇ.
ಬೆಳ್ಳಿ ಅಲ್ಲಿ ಹೆಬ್ಬೆರಳಿಗೆ ಬಾಗುವಷ್ಟು ತೆಳ್ಳಗೆ;
ಇನ್ನೊಮ್ಮೆ ಉಜ್ಜಿದರೆ ತೂತು.

"ಇರಲಿ ಬಿಡಿ ಹಕ್ಕಿ. ರೆಕ್ಕೆಯ ಕೆಳಗೆ ಹಿಡಿಸುತ್ತೇನೆ.
ಹೆಸರು ಹೇಳಿ."
"ಇನ್ನೂ ಇಟ್ಟಿಲ್ಲ. ಸ್ವಾಮ್ಯಾರು ಅಕ್ಷರ ತೆಗೆದಿಲ್ಲ.
ಸದ್ಯಕ್ಕೆ ಕೂಸು ಅಂತ ಹಾಕು."

ಎರಡೇ ಅಕ್ಷರ.
ಐವತ್ತರ ನೋಟು ಮಣೆಯ ಮೇಲಿಟ್ಟು
ಉಳಿದದ್ದು ಹೆಸರಿಟ್ಟ ಮೇಲೆ, ಅಂದರು.
ಜಾಗ ಎಲ್ಲಿದೆ ಎಂದು ನಾನು ಕೇಳಲಿಲ್ಲ.