ಮೂರು ಹೊಲಿಗೆ

ಆದೋನಿಯಲ್ಲಿ ಪ್ರೆಸ್ಸು ಅಂದರೆ
ಪೇಪರು ಅಚ್ಚಾಗುವ ಜಾಗವಲ್ಲ;
ಅರಳೆಯನ್ನು ಮೆಟ್ಟಿ, ಹಿಂಡಿ, ಕಬ್ಬಿಣದ ಪಟ್ಟಿ ಬಿಗಿದು
ಅಂಡಿಗೆ ಕಟ್ಟುವ ಜಾಗ.
ಅಲ್ಲಿನ ದೊರೆ ಊರಿಗೆ ಹೊರಟಾಗ ಬಂಗಲೆ ಹರಾಜಾಯಿತು.
ಕುರ್ಚಿಗಳು ಸಾವ್ಕಾರರಿಗೆ, ಗಡಿಯಾರ ಅಮೀನನಿಗೆ,
ಗಾದಿ ಬಿಚ್ಚಿ ಅರಳೆ ಬಡಿಯಲು ಹೋಗಿದ್ದ
ನಮ್ಮ ತಾತ ಹೊನ್ನೂರ್‌ಸಾಬನಿಗೆ
ಕೂಲಿಯ ಬಾಕಿಗೆ ಈ ಗಾಜು.

ಬಟ್ಟಲಲ್ಲ, ಲೋಟವೂ ಅಲ್ಲ.
ಅಂಚು ಅಲೆಅಲೆ, ಕುಡಿಯಲು ಹೋದರೆ ಗದ್ದಕ್ಕೆ ಸೋರುತ್ತದೆ.
ಮೈತುಂಬ ಹೆಬ್ಬೆಟ್ಟು ಒತ್ತಿದಂಥ ಕುಳಿ,
ಓದು ಬಾರದವರೆಲ್ಲ ಸಾಲುಗಟ್ಟಿ
ಒಂದೇ ಪತ್ರಕ್ಕೆ ರುಜು ಹಾಕಿ ಹೋದ ಹಾಗೆ.
ಅಜ್ಜಿ ಮಾಬುನ್ನಿ ಅದರಲ್ಲಿ ದಬ್ಬಣ ನಿಲ್ಲಿಸಿದಳು.
ಐವತ್ತು ವರ್ಷ ದಬ್ಬಣವೇ ಇದ್ದವು.

ಸಿಕಂದರಾಬಾದಿನ ಕೈಖುಸ್ರು, ರಿಟೈರಾದ ರೈಲ್ವೆ ಇಂಜಿನಿಯರು,
ಯಾರದೋ ಮದುವೆಗೆ ಬಂದವನು
ಅಂಗಡಿಯ ಮುಂದೆ ಹಾದು, ಹಿಂದಕ್ಕೆ ಬಂದ.
ಕಣ್ಣು ಮುಚ್ಚಿ ಗಾಜಿನ ಮೈಮೇಲೆ ಉಗುರು ಎಳೆದ.
ಒಂದು. ಎರಡು. ಮೂರು.
ಮೂರು ಹೊಲಿಗೆ, ಅಂದ. ಮೂರು ತುಂಡಿನ ಅಚ್ಚು.
ಇದು ಊದಿದ್ದಲ್ಲ, ಒತ್ತಿದ್ದು. ಅಮೆರಿಕದ್ದು.
ಚಮಚ ನಿಲ್ಲಿಸಲು ಮಾಡಿದ್ದು, ಅಮ್ಮಾ.
ಅಜ್ಜಿ ಅಂದಳು: ಚಮಚಕ್ಕೂ ಮನೆ ಬೇಕಿತ್ತಾ ಅವರಿಗೆ?

ಮೊದಲು ಗಾಜೆಂದರೆ ಉಸಿರು;
ಊದುವವನ ಎದೆ ಇದ್ದಷ್ಟು ಪಾತ್ರೆ, ಉಳ್ಳವರ ಮೇಜಿಗೆ.
ಆಮೇಲೆ ಯಾರೋ (ಬಡಗಿಯಂತೆ, ಅದೂ ಖಾತ್ರಿಯಿಲ್ಲ)
ಕಾದ ಮುದ್ದೆಯನ್ನು ಅಚ್ಚಿಗೆ ಬಿಟ್ಟು ಸನ್ನೆ ಎಳೆದ.
ಊದುವವರು ಅವನನ್ನು ಹೊಡೆಯಲು ಹುಡುಕಿದರಂತೆ.

ಹುಡುಕದೆ ಬಿಡ್ತಾರಾ, ಅಂದಳು ಅಜ್ಜಿ.
ಅರಳೆ ಮಿಷನ್ ಬಂದಾಗ ನಿಮ್ಮ ತಾತನೂ ಕಲ್ಲು ಹಿಡಿದು ಹೋಗಿದ್ದ.
ಒಗೆದನಾ?
ಎಲ್ಲಿ ಒಗೀತಾನೆ? ತಂದೋನು ಅವನ ಷಡ್ಡಕ.

ಅಚ್ಚು ತಣ್ಣಗಿದ್ದರೆ ಗಾಜು ಸುಕ್ಕಾಗುತ್ತಿತ್ತು.
ಸುಕ್ಕು ಕಾಣದಿರಲೆಂದು ಚುಕ್ಕಿ, ಎಲೆ, ಬಳ್ಳಿ,
ತಟ್ಟೆಯ ತುಂಬ ಜರತಾರಿ.
ಕೂಡಿಹಾಕುವವರು ಇಂದು ಅದಕ್ಕೇ ಪ್ರಾಣ ಬಿಡುತ್ತಾರೆ.
ಅಜ್ಜಿ ಮಾತಾಡದೆ ತೊಡೆಯ ಮೇಲಿನ ರಜಾಯಿ ಮಗುಚಿ
ಇಲಿ ಕಡಿದಲ್ಲಿ ತಾನು ಹೊಲಿದ ನವಿಲು ತೋರಿಸಿದಳು.

ದಬ್ಬಣ ಸುರುವಿ ಅವನು ಬೆರಳಿಂದ ಚಿಮ್ಮಿದ.
ಟಕ್.
ಮುಖ ಸಣ್ಣಗಾಯಿತು.
ಸೀಸ ಬೆರೆತಿದ್ದರೆ ಗಂಟೆಯ ಹಾಗೆ ಎಷ್ಟೋ ಹೊತ್ತು ಮಿಡಿಯುತ್ತಿತ್ತು;
ಅವರವರೇ ಕಾದಾಡಿದ ಯುದ್ಧದಲ್ಲಿ ಸೀಸ ಗುಂಡಿಗೆ ಹೋಯಿತು.
ಆಮೇಲಿನದೆಲ್ಲ ಸೋಡಾ, ಸುಣ್ಣ.
ಹಗುರ, ಅಗ್ಗ, ಮೂಗ.

ಆ ಯುದ್ಧ ನಮ್ಮ ಮನೆಯಲ್ಲೂ ಇದೆ, ಹೆಸರಿಲ್ಲದೆ.
ಸಮುದ್ರದಾಚೆ ಹತ್ತಿ ನಿಂತುಹೋದ ವರ್ಷವಂತೆ,
ಇಲ್ಲಿ ಅರಳೆಗೆ ಬೆಳ್ಳಿಯ ತೂಕ.
ತಾತನ ತಾತನ ಬಿಲ್ಲು ಹಗಲೂ ರಾತ್ರಿ ಮಿಡಿದು
ತಿಂಗಳಿಗೆ ಮೂರು ಹೆದೆ ಹರಿಯುತ್ತಿತ್ತಂತೆ;
ಸದ್ದಿಗೆ ಓಣಿಯ ಕೂಸುಗಳು ನಿದ್ದೆ ಕಲಿತವಂತೆ.
ಮುಂದೆ ಬೆಲೆ ಬಿದ್ದದ್ದನ್ನು ಅಜ್ಜಿ ಕತೆಗೆ ಸೇರಿಸುವುದಿಲ್ಲ.

ಮುನ್ನೂರು ಕೊಡ್ತೀನಿ, ಅಂದ. ಅದಕ್ಕಿಂತ ಬಾಳದು, ಸುಳ್ಳು ಹೇಳಲಾರೆ.
ದಬ್ಬಣ ಸೇರಿಸಿಯೋ, ಬಿಟ್ಟೋ?
ನಕ್ಕುಬಿಟ್ಟ. ಚಹಾ ಕುಡಿದ.
ಗಾಜು ಬಿಟ್ಟು ಆ ನವಿಲಿನ ರಜಾಯಿ ಕೊಂಡು
ಸುತ್ತಿ, ಹಗ್ಗ ಬಿಗಿದು, ಅಂಡಿಗೆಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡು
ಸ್ಟೇಷನ್ನಿಗೆ ನಡೆದ.

ಸಂಜೆ ಅಜ್ಜಿ ದಬ್ಬಣಗಳನ್ನು ಒಂದೊಂದೇ
ಎಣಿಸಿ ಗಾಜಿಗೆ ಹಾಕಿದಳು.
ಒಂಬತ್ತು. ಹತ್ತು. ಹನ್ನೊಂದು.
ಚಾಪೆ ಕೊಡವಿದಳು. ಸೆರಗು ಕೊಡವಿದಳು.
ಆಮೇಲೆ ಬಾಯಿಗೆ ಕೈ ಇಟ್ಟು ನನ್ನನ್ನು ನೋಡಿದಳು.

ಗಾಡಿ ಆಗಲೇ ತುಂಗಭದ್ರೆಯ ಸೇತುವೆ ಮೇಲಿರಬೇಕು.